ಸೊನ್ನೆ ತೋರಿಸಿದ ನೀರು

ಬಾನುಬಿಯ ಎರಡೂ ಮೊಣಕಾಲು ಸವೆದಿವೆ, ಆಪರೇಷನ್ ಮಾಡಿಸುವುದು ಒಳ್ಳೆಯದು ಎಂದು ವಿಜಯಪುರದ ಡಾಕ್ಟರ್ ಹೇಳಿದಾಗ ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸಿಂದಗಿಗೆ ಮರಳುವ ಬಸ್ಸು ದೇವರ ಹಿಪ್ಪರಗಿ ದಾಟಿದ ಮೇಲೆ ಪಕ್ಕದಲ್ಲಿದ್ದ ಮಗ ಜುಲ್ಫಿಕರನ ಕಡೆ ತಿರುಗಿ, "ಕೊಯ್ಯಾಕ ನಾ ಏನು ಬದನಿಕಾಯೇನೋ?" ಎಂದಳು.

ಡಾಕ್ಟರ್ ಇನ್ನೊಂದು ದಾರಿಯನ್ನೂ ಹೇಳಿದ್ದರು. ಎದೆಮಟ್ಟ ನೀರಿನಲ್ಲಿ ದಿನಕ್ಕೊಂದು ತಾಸು ನಡೆಯಬೇಕು. ನೀರು ಮೈಭಾರ ಹೊರುತ್ತದೆ, ಕಾಲು ಗಟ್ಟಿಯಾಗುತ್ತವೆ. ಎರಡು ತಿಂಗಳು ಬಿಟ್ಟೂಬಿಡದೆ ನಡೆದರೆ ಆಪರೇಷನ್ ಮುಂದಕ್ಕೆ ಹಾಕಬಹುದು. "ನಡುವ ಬಿಟ್ರಿ ಅಂದ್ರ ನನ್ನ ಕೈಯಾಗ ಏನೂ ಇಲ್ಲರಿ" ಎಂದೂ ಸೇರಿಸಿದ್ದರು.

ಜುಲ್ಫಿಕರ ಆಲಮೇಲ ರಸ್ತೆಯಲ್ಲಿ ಟೈಲ್ಸ್ ಅಂಗಡಿ ಇಟ್ಟವನು. ಮನೆಯ ಹಿತ್ತಲಲ್ಲಿ ಅವನ ತಂದೆ ಖಾಜಾಸಾಬ ಹಿಂದೆ ನೀರು ಕೂಡಿಡಲು ಕಟ್ಟಿಸಿದ ದೊಡ್ಡ ಸಿಮೆಂಟ್ ಟಾಕಿ ಇತ್ತು. ಹದಿನೆಂಟು ಫೂಟು ಉದ್ದ, ಹತ್ತು ಫೂಟು ಅಗಲ, ನಾಲ್ಕು ಫೂಟು ಆಳ. ಜುಲ್ಫಿಕರ ಒಂದೇ ವಾರದಲ್ಲಿ ಅದನ್ನು ತಿಕ್ಕಿಸಿ, ಮೆಟ್ಟಿಲು ಕಟ್ಟಿಸಿ, ಹಿಡಿಯಲು ಸ್ಟೀಲ್ ಪೈಪು ಹಾಕಿಸಿ, ನೀರು ಸೋಸುವ ಸಣ್ಣ ಪಂಪು ಕೂಡಿಸಿದ. ಒಳಗೆ ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಟೈಲ್ಸ್ ಹಚ್ಚಿಸಿದ. ಹೀಗಾಗಿ ನೀರಿಗಿಳಿದವರಿಗೆ ಎಡಕ್ಕೆ ಡಾಲ್ಫಿನ್ ಮೀನು, ಬಲಕ್ಕೆ ಹೊಗೆಯಾಡುವ ಚಹಾ ಕಪ್ಪು, ಎದುರಿಗೆ ದ್ರಾಕ್ಷಿ ಗೊಂಚಲು ಕಾಣುತ್ತಿದ್ದವು. ಸುತ್ತ ಆಳೆತ್ತರದ ತಗಡಿನ ಮರೆ ಬಂತು. ಕೊಳವೆಬಾವಿಯ ನೀರು ತುಂಬಿತು.

ಖಾಜಾಸಾಬನಿಗೆ ಇದು ಸೇರಲಿಲ್ಲ. "ಊರಾಗ ವಾರಕ್ಕೊಮ್ಮೆ ನಳ ಬರ್ತೈತಿ. ನಮ್ಮನ್ಯಾಗ ಹೆಣ್ಮಕ್ಕಳು ಈಜ್ತಾರ ಅಂದ್ರ ಮಂದಿ ಏನಂದಾರು?"

"ಈಜೂದಲ್ಲ ಅಬ್ಬಾ, ನಡ್ಯೂದು" ಎಂದ ಜುಲ್ಫಿಕರ.

"ನಡ್ಯಾಕ ರಸ್ತಾ ಇಲ್ಲೇನು?"

"ನೀವs ಬರ್ರಿ ಹಂಗಾರ. ನನ್ನ ಹೊತ್ಕೊಂಡು ನಡೀರಿ ರಸ್ತಾದಾಗ" ಎಂದಳು ಬಾನುಬಿ ಅಡುಗೆಮನೆಯಿಂದ. ಅಲ್ಲಿಗೆ ಆ ಮಾತು ಮುಗಿಯಿತು.

ಆದರೆ ನೀರಿಗೆ ಕ್ಲೋರಿನ್ ಹಾಕಬೇಕು ಎಂಬ ಸುದ್ದಿ ಬಂದಾಗ ಖಾಜಾಸಾಬ ಕುರ್ಚಿ ಬಿಟ್ಟು ಎದ್ದ. ಅವನು ಮೂವತ್ತೆರಡು ವರ್ಷ ಊರಿನ ನೀರು ಸರಬರಾಜಿನಲ್ಲಿ ದುಡಿದವನು. ವಾಲ್ವ್ ತಿರುವಿ, ಪಂಪು ನಡೆಸಿ, ದೊಡ್ಡ ಟಾಕಿಗೆ ಬ್ಲೀಚಿಂಗ್ ಪೌಡರ್ ಬೆರೆಸಿ ನಿವೃತ್ತನಾದವನು. ಒಂದು ಲೋಟ ನೀರು ಮೂಗಿನ ಹತ್ತಿರ ಹಿಡಿದರೆ ಸಾಕು, "ಅರ್ಧ ಮುಷ್ಟಿ ಜಾಸ್ತಿ ಆಗೇತಿ" ಎಂದೋ "ಮುಷ್ಟಿ ಕಡಿಮಿ ಬಿತ್ತು" ಎಂದೋ ಹೇಳುತ್ತಿದ್ದ. ಮೇಲಿನ ಇಂಜಿನಿಯರುಗಳೂ ಅವನ ಮೂಗನ್ನು ಕೇಳಿಯೇ ನೀರು ಬಿಡಿಸುತ್ತಿದ್ದರು ಎನ್ನುವುದು ಅವನ ಮಾತು.

"ಇಪ್ಪತ್ತು ಸಾವಿರ ಲೀಟರ್ ನೀರಿಗೆ ಪುಸ್ತಕ ಓದ್ಬೇಕೇನು? ನಾ ನೋಡ್ಕೋತೇನಿ, ಬಿಡು" ಎಂದ.

ಏಪ್ರಿಲ್ ಮೊದಲ ವಾರ ಬಾನುಬಿ ನೀರಿಗಿಳಿದಳು. ಹಳೆಯ ಹಸಿರು ಸಲ್ವಾರ, ಮೇಲೆ ಮಗನ ತುಂಬುತೋಳಿನ ಅಂಗಿ. ಪೈಪು ಹಿಡಿದು ಮೊದಲ ಮೆಟ್ಟಿಲಲ್ಲಿ ಕಾಲು ಗಂಟೆ ನಿಂತಳು. ಆರನೇ ಇಯತ್ತೆಯ ಮೊಮ್ಮಗಳು ನಿಷತ ನೀರಿನಲ್ಲಿ ನಿಂತು, "ದಾದಿ, ಬರ್ರಿ, ಏನಾಗೂದಿಲ್ಲ" ಎಂದು ಕೈ ಚಾಚಿದ್ದಳು. ಎದೆಮಟ್ಟ ನೀರಿಗೆ ಬಂದ ಮೇಲೆ ಬಾನುಬಿ ಒಂದು ಹೆಜ್ಜೆ ಇಟ್ಟಳು. ಇನ್ನೊಂದು ಇಟ್ಟಳು. ಮೊಣಕಾಲು ನೋಯಲಿಲ್ಲ. ಎರಡು ವರ್ಷದಲ್ಲಿ ನೋವಿಲ್ಲದೆ ಇಟ್ಟ ಹೆಜ್ಜೆ ಅದೇ ಮೊದಲು. ಅವಳು ಡಾಲ್ಫಿನ್ನಿನಿಂದ ಚಹಾ ಕಪ್ಪಿನವರೆಗೆ ಹೋಗಿ ಬಂದು, "ಇವತ್ತ ಅಡಗಿ ನೀವs ಮಾಡ್ಕೋರಿ" ಎಂದು ಕೂಗಿ ಹೇಳಿದಳು.

ನಾಲ್ಕನೇ ದಿನ ಪಕ್ಕದ ಮನೆಯ ಸಿದ್ದಲಿಂಗವ್ವ ಬಂದಳು. ಬಾನುಬಿಗೆ ಮೂವತ್ತು ವರ್ಷದ ಗೆಳತಿ. ಇಬ್ಬರ ಮನೆ ನಡುವಿನ ಗೋಡೆಯ ಮೇಲೆ ಪಲ್ಲೆ, ಮೊಸರು, ಚಾಡಿ ಎಲ್ಲವೂ ದಾಟಿ ಬರುತ್ತಿದ್ದವು. ಅವಳಿಗೂ ಮೊಣಕಾಲು ನೋವು. ಜಗಳಕ್ಕೆ ಬಂದವಳ ಹಾಗೆ ನಿಂತು, "ಬಾನವ್ವಾ, ನಿನ್ನ ಕಾಲಷ್ಟs ಕಾಲೇನು? ನಂದೇನು ಕಟಗಿಯೇನು?" ಎಂದು ಕೇಳಿ ನೈಟಿಯಲ್ಲಿ ಇಳಿದೇಬಿಟ್ಟಳು.

ಅಂದಿನಿಂದ ಮುಂಜಾನೆ ಎಂಟರಿಂದ ಒಂಬತ್ತೂವರೆವರೆಗೆ ಹಿತ್ತಲಿಗೆ ಗಂಡಸರು ಬರುವಂತಿರಲಿಲ್ಲ. ತಗಡಿನ ಆಚೆಯಿಂದ ನೀರಿನ ಸಪ್ಪಳಕ್ಕಿಂತ ಮಾತಿನ ಸಪ್ಪಳವೇ ಹೆಚ್ಚು ಬರುತ್ತಿತ್ತು.

ಹತ್ತು ದಿನ ಕಳೆಯುವುದರಲ್ಲಿ ನೀರು ಹಸಿರಾಗತೊಡಗಿತು. "ದಾದಾ, ನೀರು ಪಾಲಕ್ ಸಾರು ಆಗೇತಿ" ಎಂದಳು ನಿಷತ.

ಖಾಜಾಸಾಬ ಇನ್ನೊಂದು ಮುಷ್ಟಿ ಪೌಡರ್ ಕಲಸಿ ಹಾಕಿದ. ಎರಡು ದಿನ ತಿಳಿಯಾಯಿತು. ಮತ್ತೆ ಹಸಿರಾಯಿತು. ಜುಲ್ಫಿಕರ ವಿಜಯಪುರದಿಂದ ಒಂದು ಪರೀಕ್ಷೆಯ ಡಬ್ಬಿ ತಂದ. ಅದರಲ್ಲೊಂದು ಗಾಜಿನ ಕೊಳವೆ, ಎರಡು ಸಣ್ಣ ಸೀಸೆ, ಒಂದು ಬಣ್ಣದ ಕಾಗದ. ಕೊಳವೆಯಲ್ಲಿ ನೀರು ತುಂಬಿ ಹನಿ ಹಾಕಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗಬೇಕು. ಗುಲಾಬಿ ಎಷ್ಟು ಗಾಢವೋ ಕ್ಲೋರಿನ್ ಅಷ್ಟು. ಒಂದರಿಂದ ಮೂರರವರೆಗೆ ಇದ್ದರೆ ಮೈಗೆ ಒಳ್ಳೆಯದು. ಬಣ್ಣವೇ ಬರದಿದ್ದರೆ ಸೊನ್ನೆ.

ಮುಂಜಾನೆ ಎರಡು ತೋರಿಸಿತು. ಸಂಜೆ ನಾಲ್ಕಕ್ಕೆ ಸೊನ್ನೆ.

"ಅಬ್ಬಾ, ನಿಮ್ಮ ಪೌಡರ್ ಹಳೇದಾಗೇತಿ. ಅದರಾಗ ದಮ್ ಇಲ್ಲ."

"ನಂದs ದಮ್ ಇಲ್ಲ ಅನ್ನು. ಈ ಪೌಡರ್ ಇಡೀ ಊರಿಗೆ ನೀರು ಕುಡಿಸೇತಿ. ನಿನ್ನ ಅವ್ವನ ಎರಡು ಕಾಲು ತೊಳ್ಯಾಕ ಆಗೂದಿಲ್ಲೇನು?"

"ಡಬ್ಬಿ ಸೊನ್ನಿ ತೋರಸಾಕತ್ತೇತಿ."

"ಡಬ್ಬಿಗೆ ಮೂಗ ಐತೇನು?"

ಡಬ್ಬಿ ಮಾರಿದ ಅಂಗಡಿಯವನಿಗೆ ಫೋನ್ ಮಾಡಿದರೆ ಅವನು ನಕ್ಕ. ನಲವತ್ಮೂರು ಡಿಗ್ರಿ ಬಿಸಿಲಿಗೆ ಬರಿ ಪೌಡರ್ ನಿಲ್ಲುವುದಿಲ್ಲ, ಸೂರ್ಯನೇ ತಿಂದುಹಾಕುತ್ತಾನೆ ಎಂದ. ಬಿಸಿಲಿಗೆ ಹಾರಿಹೋಗದಂತೆ ಕ್ಲೋರಿನ್ನನ್ನು ಹಿಡಿದಿಡುವ ಔಷಧ ಬೆರೆಸಿದ ಬಿಳಿ ಬಿಲ್ಲೆಗಳಿವೆ, ಅವನ್ನು ಹಾಕಿ, ಹಗಲು ಮೇಲೆ ತಾಡಪತ್ರಿ ಎಳೆಯಿರಿ ಎಂದ. ಟಾಕಿ ಎಂದರೆ ಊರಿನ ಮುಚ್ಚಿದ ಟಾಕಿ ಎಂದೇ ತಿಳಿದಿದ್ದ ಖಾಜಾಸಾಬನಿಗೆ ಇದು ಹೊಸ ಸಂಗತಿ. ಅವನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಮಧ್ಯಾಹ್ನದ ಊಟಕ್ಕೆ ಕುಳಿತವನು ಬದನೆಕಾಯಿ ಪಲ್ಲೆಗೆ ಉಪ್ಪು ಕಡಿಮೆ ಎಂದು ಸೊಸೆ ಮುಬೀನಾಳ ಮೇಲೆ ಸಿಟ್ಟು ತೀರಿಸಿಕೊಂಡ.

ಮುಬೀನಾ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಟೀಚರು. ಸೂಟಿ ಇದ್ದುದರಿಂದ ಮನೆಯಲ್ಲಿದ್ದಳು. ತಂದೆ ಮಗ ಜಗಳವಾಡುವಾಗ ಬಾಯಿ ಹಾಕಬಾರದು ಎಂದು ಮದುವೆಯಾದ ವರ್ಷವೇ ಕಲಿತಿದ್ದಳು. ಆದರೆ ಬಿಲ್ಲೆ ಹಾಕಿದ ಮೇಲೂ ಕ್ಲೋರಿನ್ ಒಂದಕ್ಕೂ ಏರದೆ ಅರ್ಧಕ್ಕೇ ನಿಂತಾಗ ಒಂದು ಮುಂಜಾನೆ ತಾನೇ ನೀರಿನ ಅಂಚಿಗೆ ಕುಳಿತು ನೋಡಿದಳು. ಅತ್ತೆ ಮತ್ತು ಸಿದ್ದಲಿಂಗವ್ವ ಇಳಿಯುತ್ತಿದ್ದಂತೆ ನೀರಿನ ಮೇಲೆ ಏಳು ಬಣ್ಣದ ಪರೆ ಹರಡಿತು.

"ಅತ್ತೀ, ಕಾಲಿಗೆ ಏನು ಹಚ್ಚೀರಿ?"

"ಎಣ್ಣಿ" ಎಂದಳು ಬಾನುಬಿ. "ಸಿದ್ದವ್ವ ಕಾಸಿದ್ದು. ಬಳ್ಳೊಳ್ಳಿ, ಎಕ್ಕಿ ಎಲಿ, ಅಜವಾನ ಹಾಕಿ."

"ಎಷ್ಟು ಹಚ್ಚೀರಿ?"

"ಬ್ಯಾನಿ ಇದ್ದಷ್ಟು" ಎಂದಳು ಸಿದ್ದಲಿಂಗವ್ವ.

ಕ್ಲೋರಿನ್ ಹುಳ ಕೊಲ್ಲುವುದನ್ನು ಬಿಟ್ಟು ಎಣ್ಣೆಯ ಜೊತೆ ಗುದ್ದಾಡಿ ಮುಗಿದುಹೋಗುತ್ತಿದೆ ಎಂದು ಮುಬೀನಾ ಬಿಡಿಸಿ ಹೇಳಿದಳು. ಸಾಬೂನು ಹಚ್ಚಿ ಜಳಕ ಮಾಡಿಯೇ ನೀರಿಗಿಳಿಯಬೇಕು, ಎಣ್ಣೆ ಏನಿದ್ದರೂ ಹೊರಗೆ ಬಂದ ಮೇಲೆ. ಬಾನುಬಿ ಒಪ್ಪಿದಳು. ಸಿದ್ದಲಿಂಗವ್ವನ ಮುಖ ಊದಿತು.

"ನಮ್ಮ ಅತ್ತಿ ಕಾಲದ ಎಣ್ಣಿ ಇದು. ನಿಮ್ಮ ಸೊಸಿ ಹೊಲಸು ಅಂತಾಳ."

"ಹೊಲಸು ಅನ್ಲಿಲ್ಲ ಅಕ್ಕಾ. ನೀರಾಗ ಬ್ಯಾಡ ಅಂದ್ನಿ."

"ನೀರಾಗ ಜಳಕ ಮಾಡ್ಬೇಕಾದ್ರ ಮದಲ ಜಳಕ ಮಾಡಿ ಬರ್ಬೇಕಂತ. ಎಂಥಾ ಕಾಲ ಬಂತು ಬಾನವ್ವಾ!"

ಆದರೂ ಮರುದಿನ ಜಳಕ ಮಾಡಿಯೇ ಬಂದಳು. ಬಂದವಳು ಮುಬೀನಾಳ ಕಡೆ ಒಂದು ದಿನ ನೋಡಲಿಲ್ಲ, ಮರುದಿನ ಗೋಡೆಯ ಮೇಲಿಂದ ಹುಣಸೆ ಚಿಗುರು ಕೊಟ್ಟಳು.

ಮೇ ತಿಂಗಳು ಬಂತು. ನೀರು ಕನ್ನಡಿಯಂತೆ ತಿಳಿಯಾಯಿತು. ಬಾನುಬಿ ಈಗ ಪೈಪು ಹಿಡಿಯದೆ ಇಳಿಯುತ್ತಿದ್ದಳು. ಬಜಾರಿಗೆ ಹೋಗಿ ತಾನೇ ಕೊತ್ತಂಬರಿ ಆರಿಸಿಕೊಂಡು ಬಂದಳು. ಮನೆಯಲ್ಲಿ ಎಲ್ಲವೂ ಸರಿಹೋಯಿತು ಅನ್ನುವಷ್ಟರಲ್ಲಿ ಜುಲ್ಫಿಕರನ ಡಬ್ಬಿ ಮತ್ತೆ ಸೊನ್ನೆ ತೋರಿಸಿತು.

ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ತಂದೆ ನಗುತ್ತಾನೆ ಎಂದು ಇನ್ನೊಂದು ಬಿಲ್ಲೆ ಹಾಕಿದ. ಮರುದಿನವೂ ಸೊನ್ನೆ. ಮತ್ತೊಂದು ಹಾಕಿದ. ಅತ್ತ ಖಾಜಾಸಾಬನೂ ಅದಕ್ಕೂ ಮೊದಲಿನಿಂದಲೇ ಸುಮ್ಮನಿರಲಿಲ್ಲ. ನಸುಕಿನ ಫಜರ್ ನಮಾಜು ಮುಗಿಸಿ ಬಂದು ಒಂದು ಲೋಟ ನೀರು ತುಂಬಿ ಮೂಸಿ, "ಸಾಲದು" ಎಂದು ಗೊಣಗಿ ಒಂದು ಮುಷ್ಟಿ ಪೌಡರ್ ಹಾಕುತ್ತಿದ್ದ. ಮಗನ ಬಿಲ್ಲೆ ಕೆಲಸಕ್ಕೆ ಬಾರದ್ದು ಎಂದು ಅವನಿಗೆ ಖಾತ್ರಿಯಾಗಿತ್ತು.

ಮೊದಲು ತೊಂದರೆಗೆ ಸಿಕ್ಕಿದ್ದು ಸಿದ್ದಲಿಂಗವ್ವನ ನೈಟಿ. ಕಡುನೀಲಿ ನೈಟಿ ಒಂದೇ ವಾರದಲ್ಲಿ ಜೋಳದ ರೊಟ್ಟಿಯ ಬಣ್ಣಕ್ಕೆ ಬಂತು. ಅವಳು ಅದನ್ನು ಚೀಲದಲ್ಲಿ ಹಾಕಿಕೊಂಡು ಬಟ್ಟೆಯಂಗಡಿ ರಾವಸಾಬನ ಹತ್ತಿರ ಹೋದಳು.

"ಬಣ್ಣ ಹೋಗೂದಿಲ್ಲ ಅಂತ ಹೇಳಿ ಕೊಟ್ಟಿ. ಇದೇನು?"

ರಾವಸಾಬ ನೈಟಿಯನ್ನು ಬೆಳಕಿಗೆ ಹಿಡಿದ. "ಅಕ್ಕಾ, ಇಪ್ಪತ್ತು ವರ್ಷದಿಂದ ಅರಬಿ ಮಾರಾಕತ್ತೇನಿ. ಹಿಂಗ ಬಣ್ಣ ಹೋಗಿದ್ದು ನೋಡಿಲ್ಲ. ಇದನ್ನ ಎದರಾಗ ತೊಳದ್ರಿ?"

"ತೊಳದಿಲ್ಲ. ಅದನ್ನ ಉಟ್ಕೊಂಡು ನಡದೇನಿ ಅಷ್ಟs."

ರಾವಸಾಬ ಇನ್ನೊಂದು ನೈಟಿ ಕೊಟ್ಟು ಕಳಿಸಿದ.

ಬಾನುಬಿಯ ಹಸಿರು ಸಲ್ವಾರ ಬಿಳಿಚಿತು. ಕಣ್ಣು ಉಳ್ಳಾಗಡ್ಡಿ ಹೆಚ್ಚಿದ ಹಾಗೆ ಉರಿಯುತ್ತಿದ್ದವು. ಮೆಹಂದಿ ಹಚ್ಚಿದ ಕೂದಲು ಒಣಗಿದ ಜೋಳದ ಕಣಕಿಯಂತೆ ಒರಟಾದವು. ನಿಷತ, "ದಾದಿ, ನೀರು ಭಾಳ ನಾರ್ತೈತಿ, ನಾ ಇಳ್ಯಾಂಗಿಲ್ಲ" ಎಂದು ಹಿಂದೆ ಸರಿದಳು. ಬಾನುಬಿ ಮಾತ್ರ ಏನೂ ಹೇಳದೆ ಇಳಿದು, ಕಣ್ಣು ಮುಚ್ಚಿಕೊಂಡು ನಡೆದಳು.

ಒಂದು ಮಧ್ಯಾಹ್ನ ಮುಬೀನಾ ಅಡುಗೆಮನೆಗೆ ಬಂದಾಗ ಒಲೆಯ ಮೇಲೆ ಬೇಳೆ ತಳಹಿಡಿದು ಸೀದು, ಮನೆ ತುಂಬ ಕಮರು ವಾಸನೆ ಹರಡಿತ್ತು. ಒಲೆಯಿಂದ ಎರಡು ಮಾರು ದೂರದಲ್ಲಿ ಮಾವ ಶೇಂಗಾ ಸುಲಿಯುತ್ತ ನಿರಾಳವಾಗಿ ಕುಳಿತಿದ್ದ.

"ಮಾವಾರ, ಬ್ಯಾಳಿ ಹೊತ್ತೇತ್ರಿ!"

"ಹೌದಾ?" ಎಂದು ಅವನು ಗಾಬರಿಯಿಂದ ಎದ್ದ. "ನಾ... ನೋಡ್ಲಿಲ್ಲ."

ನೋಡುವ ಮಾತೇನು ಬಂತು ಎಂದು ಮುಬೀನಾಳಿಗೆ ಅನ್ನಿಸಿತು. ಆದರೆ ಪಾತ್ರೆ ತಿಕ್ಕುವ ಗಡಿಬಿಡಿಯಲ್ಲಿ ಬಿಟ್ಟಳು.

ಮರುದಿನ ಅತ್ತೆಯ ಕೆಂಪು ಕಣ್ಣು ನೋಡಿ ಅವಳು ತಾನೇ ಡಬ್ಬಿ ತೆಗೆದಳು. ಕೊಳವೆಯಲ್ಲಿ ನೀರು ಹಿಡಿದು ಹನಿ ಹಾಕಿದಳು. ಸೊನ್ನೆ. ಇನ್ನೊಮ್ಮೆ ಹಾಕಿದಳು, ಈ ಸಲ ಕಣ್ಣು ಮಿಟುಕಿಸದೆ. ಹನಿ ಬಿದ್ದ ಕೂಡಲೇ ನೀರಿನಲ್ಲಿ ಗುಲಾಬಿ ಬಣ್ಣ ಒಂದು ಕ್ಷಣ ಮಿಂಚಿ ಮಾಯವಾಯಿತು.

ಅವಳು ಒಂದು ಲೋಟ ತೆಗೆದುಕೊಂಡು ಒಂದು ಚಮಚ ಆ ನೀರಿಗೆ ಒಂಬತ್ತು ಚಮಚ ಕುಡಿಯುವ ಫಿಲ್ಟರ್ ನೀರು ಬೆರೆಸಿದಳು. ಅದನ್ನು ಕೊಳವೆಗೆ ತುಂಬಿ ಹನಿ ಹಾಕಿದಳು. ಗುಲಾಬಿ ಬಂತು, ನಿಂತಿತು. ಬಣ್ಣದ ಕಾಗದಕ್ಕೆ ಹಿಡಿದು ನೋಡಿದರೆ ಎರಡೂವರೆ. ಹತ್ತು ಪಟ್ಟು ತೆಳು ಮಾಡಿದ ನೀರಿಗೆ ಎರಡೂವರೆ.

ಅವಳು ಎಲ್ಲರನ್ನೂ ಹಿತ್ತಲಿಗೆ ಕರೆದಳು. ತಲೆ ಒರೆಸಿಕೊಳ್ಳುತ್ತಿದ್ದ ಸಿದ್ದಲಿಂಗವ್ವನೂ ನಿಂತಳು.

"ಇದರಾಗ ಇಪ್ಪತ್ತೈದು ಐತಿ" ಎಂದಳು ಮುಬೀನಾ. "ಮೂರು ಇರಬೇಕಾದಲ್ಲಿ ಇಪ್ಪತ್ತೈದು."

"ಡಬ್ಬಿ ಸೊನ್ನಿ ಅಂತೈತಲ್ಲ?" ಎಂದ ಜುಲ್ಫಿಕರ.

"ಕ್ಲೋರಿನ್ ವಿಪರೀತ ಆದ್ರ ಆ ಹನಿ ಬಣ್ಣಾನೂ ಸುಟ್ಟು ಬೆಳ್ಳಗ ಮಾಡ್ತೈತಿ, ಅಕ್ಕಾರ ನೈಟಿ ಮಾಡಿದಂಗ. ನೀವು ಖಾಲಿ ಐತಿ ಅನ್ಕೊಂಡ್ರಿ, ಅದು ತುಂಬಿ ತುಳಕಾಕತ್ತಿತ್ತು. ಈಗ ಹೇಳ್ರಿ, ಯಾರ‍್ಯಾರು ಎಷ್ಟೆಷ್ಟು ಹಾಕೀರಿ?"

ಜುಲ್ಫಿಕರ ನೆಲ ನೋಡುತ್ತ, "ದಿನಾ ಒಂದು ಬಿಲ್ಲಿ" ಎಂದ.

"ನಾ ದಿನಾ ಒಂದು ಮುಷ್ಟಿ" ಎಂದ ಖಾಜಾಸಾಬ.

"ನಾನೂ ಎರಡು ದಿನ ಒಂದೊಂದು ಚಮಚಾ ಹಾಕೀನಿ" ಎಂದಳು ಸಿದ್ದಲಿಂಗವ್ವ.

ಎಲ್ಲರೂ ಅವಳ ಕಡೆ ತಿರುಗಿದರು.

"ಹಂಗ್ಯಾಕ ನೋಡ್ತೀರಿ? ನನ್ನ ಎಣ್ಣಿಯಿಂದ ಕಡಿಮಿ ಬಿತ್ತು ಅಂದ್ರಲ್ಲ. ತುಂಬಿ ಕೊಟ್ಟೆ."

ಜುಲ್ಫಿಕರನಿಗೆ ನಗು ಬಂತು. ಆದರೆ ಮುಬೀನಾ ಮಾವನ ಕಡೆ ನೋಡುತ್ತಿದ್ದಳು. ಹಿಂದುಮುಂದು ಯೋಚಿಸದೆ ಕೇಳಿಬಿಟ್ಟಳು: "ಮಾವಾರ, ನೀವು ದಿನಾ ಮೂಸಿ ನೋಡಿ ಸಾಲದು ಅಂತಿದ್ರಿ. ಬಾಗಲ ತನಕ ನಾರ್ತೈತ್ರಿ ಇದು. ನಿಮಗ ವಾಸನಿ ಬರ್ಲಿಲ್ಲೇನ್ರಿ?"

ಖಾಜಾಸಾಬನ ಮುಖ ಕೆಂಪಾಯಿತು. "ಮೂವತ್ತೆರಡು ವರ್ಷ ಈ ಊರಿಗೆ ನೀರು ಕುಡಿಸೀನಿ. ನೀ ಚಮಚಾ ಹಿಡ್ಕೊಂಡು ನನ್ನ ಮೂಗಿಗೆ ಪರೀಕ್ಷಾ ಇಡ್ತೀಯೇನು?" ಎಂದವನೇ ಚಪ್ಪಲಿ ಮೆಟ್ಟಿ ಹೊರಗೆ ನಡೆದ. ಮಧ್ಯಾಹ್ನದ ಊಟಕ್ಕೆ ಬರಲಿಲ್ಲ. ಫೋನು ಮನೆಯಲ್ಲೇ ಬಿಟ್ಟಿದ್ದ.

ರೊಟ್ಟಿ ಆರಿಹೋದವು. ಜುಲ್ಫಿಕರ ಹೆಂಡತಿಯ ಮೇಲೆ ರೇಗಿದ. "ಎಲ್ಲಾರ ಮುಂದ ಕೇಳ್ಬೇಕಿತ್ತೇನು?"

"ಅತ್ತಿ ಕಣ್ಣು ನೋಡಿರೇನು ನೀವು? ಇನ್ನೊಂದು ವಾರ ಬಿಟ್ಟಿದ್ರ ದವಾಖಾನಿಗೇ ಒಯ್ಯೂದಾಗ್ತಿತ್ತು."

"ಆಕೀನ ಬೈಬ್ಯಾಡ" ಎಂದಳು ಬಾನುಬಿ. ಸ್ವಲ್ಪ ಹೊತ್ತು ತಾಟಿನಲ್ಲಿನ ಶೇಂಗಾ ಚಟ್ನಿಯನ್ನು ಬೆರಳಿನಿಂದ ಸರಿಸುತ್ತ ಕುಳಿತಳು. ಆಮೇಲೆ ಹೇಳಿದಳು: "ಅವರಿಗೆ ವಾಸನಿ ಇಲ್ಲ. ಕೊರೊನಾ ಬಂದಿತ್ತಲ್ಲ, ಅವಾಗಿಂದ. ಎಲ್ಲಾರಿಗೂ ತಿರುಗಿ ಬಂತು, ಅವರಿಗೆ ಬರ್ಲಿಲ್ಲ."

"ನಿಮಗ ಹೇಳಿದ್ರೇನು?"

"ಯಾಕ ಹೇಳ್ತಾರು? ಹುಳಿತ ಮಜ್ಜಿಗಿ ಗಟಗಟ ಕುಡದ್ರು ಒಂದಿನ. ಅವತ್ತs ತಿಳೀತು ನನಗ."

ಜುಲ್ಫಿಕರ ತಾಯಿಯ ಮುಖ ನೋಡಿದ. ಅವನಿಗೆ ಒಂದೊಂದಾಗಿ ನೆನಪಾದವು. "ಏನ್ರಿ, ಸಾರು ಘಮ್ ಅನ್ನಾಕತ್ತೇತಿ ನೋಡ್ರಿ", "ಏನ್ರಿ, ಹಾಲು ಸೀಯಾಕತ್ತೇತಿ, ವಾಸನಿ ಬಂತಲ್ಲ, ಇಳಸ್ರಿ" ಎಂದು ತಾಯಿ ದಿನವಿಡೀ ಕೂಗಿ ಹೇಳುತ್ತಿದ್ದಳು. ವಯಸ್ಸಾದಂತೆ ಮಾತು ಹೆಚ್ಚಾಯಿತು ಎಂದು ಅವನೂ ಮುಬೀನಾಳೂ ಎಷ್ಟೋ ಸಲ ನಕ್ಕಿದ್ದರು.

"ಮತ್ತ ಈ ನೀರು? ನಿಮಗ ವಾಸನಿ ಬರ್ತಿತ್ತಲ್ಲ ಅತ್ತೀ?" ಎಂದಳು ಮುಬೀನಾ.

"ಬರ್ತಿತ್ತು. ನಾರ್ತೈತಿ ಅಂದ್ರ, ನಿಮಗ ಹೆಂಗ ಗೊತ್ತಾಗ್ಲಿಲ್ಲ ಅಂತ ಎಲ್ಲಾರೂ ಅವರನ್ನs ಕೇಳ್ತಿದ್ರಿ. ಇವತ್ತ ಕೇಳಿದ್ರಲ್ಲ, ಹಂಗ."

ಮುಬೀನಾ ತಾಟು ಬಿಟ್ಟು ಎದ್ದು ಹೋಗಿ ಅತ್ತೆಯ ಕಣ್ಣಿಗೆ ತಣ್ಣೀರಿನ ಬಟ್ಟೆ ತಂದಳು.

ಖಾಜಾಸಾಬ ಸಂಜೆಯ ಅಸರ್ ನಮಾಜಿನ ಹೊತ್ತಿಗೆ ಬಂದ. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು, ಕಲಬುರಗಿಗೆ ಹೋಗುವ ಬಸ್ಸುಗಳನ್ನು ಎಣಿಸಿ ಬೇಸತ್ತು ಬಂದಿದ್ದ. ಬಾನುಬಿ ಕಟ್ಟೆಯ ಮೇಲೆ ಒದ್ದೆ ಬಟ್ಟೆ ಕಣ್ಣಿಗಿಟ್ಟುಕೊಂಡು ಒರಗಿದ್ದಳು. ಅವನು ಪಕ್ಕದಲ್ಲಿ ಕುಳಿತ.

"ಉರಿಯಾಕತ್ತಾವೇನು?"

"ಈಗ ಕಡಿಮಿ ಅದಾವ."

"ಯಾಕ ಹೇಳ್ಲಿಲ್ಲ ನೀನು? ಅಂಥಾ ನೀರಾಗ ದಿನಾ ಯಾಕ ಇಳದಿ?"

"ಡಾಕ್ಟರ್ ತಪ್ಪಸಬ್ಯಾಡ ಅಂದಾರಲ್ಲ."

"ಅದಲ್ಲ" ಎಂದ ಅವನು. ಚಪ್ಪಲಿ ಕಳಚಿ ಬದಿಗಿಟ್ಟು, "ಎಂದಿನಿಂದ ಗೊತ್ತು ನಿನಗ?" ಎಂದ.

"ಮಜ್ಜಿಗಿ ಕುಡದ್ರಲ್ಲ, ಅಂದಿನಿಂದ."

"ಅಷ್ಟು ವರ್ಷ ಆತಾ?"

"ಹೂಂ."

ಖಾಜಾಸಾಬ ಎರಡು ಸಲ ಕೆಮ್ಮಿದ. "ನನ್ನ ಮೂಗs ನನ್ನ ನೌಕರಿ ಇತ್ತು. ಹೋತು ಅಂದ್ರ ಏನು ಹೇಳ್ಲಿ? ಯಾರಿಗೆ ಹೇಳ್ಲಿ?"

"ನನಗ ಹೇಳ್ಬೇಕಿತ್ತು."

"ನಿನಗ ಗೊತ್ತಿತ್ತಲ್ಲ?"

"ಗೊತ್ತಿದ್ರೂ ಹೇಳ್ಬೇಕಿತ್ತು" ಎಂದಳು ಬಾನುಬಿ, ಕಣ್ಣಿನ ಮೇಲಿನ ಬಟ್ಟೆ ತೆಗೆಯದೆ. "ದಿನಾ ಒದರಿ ಒದರಿ ನನ್ನ ಗಂಟಲಾ ಬಿದ್ದೋಗೇತಿ."

ಖಾಜಾಸಾಬನಿಗೆ ನಗು ಬಂತೋ ಅಳು ಬಂತೋ, ರುಮಾಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಒಳಗೆ ಹೋಗಿ ಸೊಸೆಯ ಮುಂದೆ ನಿಂತು, "ಮುಬೀನಾ, ಆ ಹನಿ ಹಾಕೂದು ನನಗ ಕಲಸವಾ. ಕಣ್ಣು ಇನ್ನೂ ಅದಾವ ನನಗ" ಎಂದ.

"ಕೂಡ್ರಿ ಮಾವಾರ, ಮದಲ ಊಟಾ ಮಾಡ್ರಿ. ಬಿಸಿ ರೊಟ್ಟಿ ಬಡೀತೇನಿ" ಎಂದಳು ಅವಳು.

ಉಳಿದದ್ದು ಇಪ್ಪತ್ತೈದನ್ನು ಮೂರಕ್ಕೆ ಇಳಿಸುವ ಕೆಲಸ. ಅರ್ಧ ನೀರು ಚೆಲ್ಲಿ ಹೊಸ ನೀರು ತುಂಬಿದರೆ ಎರಡು ದಿನದಲ್ಲಿ ಅರ್ಧ ಕೆಲಸ ಮುಗಿಯುತ್ತದೆ ಎಂದ ಜುಲ್ಫಿಕರ. ಖಾಜಾಸಾಬ ಕೇಳಲೇ ಇಲ್ಲ. "ಮೇ ತಿಂಗಳದಾಗ ಹತ್ತು ಸಾವಿರ ಲೀಟರ್ ನೀರು ಗಟಾರಕ್ಕ ಬಿಡ್ತೀ? ನನ್ನ ಹೆಣದ ಮ್ಯಾಲ ಬಿಡು." ಈ ವಿಷಯದಲ್ಲಿ ಮುಬೀನಾ ಮಾವನ ಪಕ್ಷ ಸೇರಿದಳು. ತಾಡಪತ್ರಿ ತೆಗೆದು ಬಿಸಿಲಿಗೆ ಬಿಟ್ಟರೆ ಸೂರ್ಯನೇ ತಿನ್ನುತ್ತಾನೆ, ಯಾರೂ ಒಂದು ಚಿಟಿಕೆ ಹಾಕಬಾರದು ಅಷ್ಟೇ. ಪೌಡರ್ ಡಬ್ಬಿ, ಬಿಲ್ಲೆ ಡಬ್ಬಿ ಎರಡನ್ನೂ ಟ್ರಂಕಿನಲ್ಲಿಟ್ಟು ಕೀಲಿಯನ್ನು ನಿಷತಳ ಕೊರಳಿಗೆ ಕಟ್ಟಲಾಯಿತು. ಸಿದ್ದಲಿಂಗವ್ವನಿಗೆ ಚಮಚ ಕೊಡಕೂಡದು ಎಂದು ನಿಷತಳಿಗೆ ತಾಕೀತಾಯಿತು.

ಅಲ್ಲಿಯವರೆಗೆ ಕಾಲಿಗೆ ಕೆಲಸ ಬೇಕಲ್ಲ? ಡಾಕ್ಟರ್ ಕೊಟ್ಟ ಕಾಗದದಲ್ಲಿ ಕುರ್ಚಿಯ ಮೇಲೆ ಕುಳಿತು ಮಾಡುವ ವ್ಯಾಯಾಮದ ಚಿತ್ರಗಳೂ ಇದ್ದವು. ಖಾಜಾಸಾಬ ಅದನ್ನು ಗೋಡೆಗೆ ಅಂಟಿಸಿದ. ಅರ್ಧರ್ಧ ಕಿಲೊ ತೊಗರಿಬೇಳೆಯನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಹೆಂಡತಿಯ ಎರಡೂ ಪಾದಗಳಿಗೆ ಬಿಗಿದ. ಎದುರಿಗೆ ಕುಳಿತು ಕಾಲು ಎತ್ತಿಸಿ ಇಳಿಸಿ ಎಣಿಸತೊಡಗಿದ. ಸಿದ್ದಲಿಂಗವ್ವ ತನ್ನ ಬೇಳೆ ತಾನೇ ತಂದಳು.

"ಹದಿನಾಕು... ಹದಿನೈದು... ಇನ್ನೂ ಮ್ಯಾಲ ಎತ್ರಿ."

"ಖಾಜಣ್ಣ, ಹದಿನಾರು ಯಾವಾಗೋ ಆತು. ನೀವು ಎಣಿಕಿ ಕದ್ದೀರಿ."

"ನೀ ಕಾಲು ಎತ್ತಿದ್ರಲ್ಲ ಎಣಸೂದು?"

ಮೂರನೇ ದಿನ ಬಾನುಬಿ ಮುನಿದು ಬೇಳೆಯ ಗಂಟು ಬಿಚ್ಚಿ ಒಗೆದಳು. ನೀರಿನಲ್ಲಿ ಬಾರದ ನೋವು ಒಣನೆಲದಲ್ಲಿ ಮರಳಿ ಬಂದಿತ್ತು. "ಆಪರೇಷನ್ನs ಬರ್ಲಿ, ಮುಗೀಲಿ" ಎಂದು ಮಲಗಿಬಿಟ್ಟಳು. ಖಾಜಾಸಾಬ ಬಿಸಿನೀರಿನ ಚೀಲ ತಂದು ಅವಳ ಮೊಣಕಾಲಿನ ಮೇಲಿಟ್ಟ. ಬೈಯಲಿಲ್ಲ, ಒತ್ತಾಯ ಮಾಡಲಿಲ್ಲ. ನೋವು ತಗ್ಗಿದ ಮೇಲೆ ಮತ್ತೆ ಗಂಟು ಕಟ್ಟಿ ಒಂದರಿಂದ ಎಣಿಸಲು ಶುರುಮಾಡಿದ.

ದಿನಾ ಸಂಜೆ ಅವನೇ ಒಂದಕ್ಕೆ ಒಂಬತ್ತು ಬೆರೆಸಿ ಹನಿ ಹಾಕುತ್ತಿದ್ದ. ಕೊಳವೆಯನ್ನು ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ ಇಳಿಸಿ, "ಹದಿನೆಂಟು" ಎನ್ನುತ್ತಿದ್ದ. ನಿಷತ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು. ಹದಿನೆಂಟು, ಹದಿನಾಲ್ಕು, ಹನ್ನೊಂದು. ಹೀಗೆ ಇಳಿಯುತ್ತ ಹೋಗಿ ಹನ್ನೊಂದನೇ ದಿನ, ಬರಿ ನೀರಿಗೇ ಹನಿ ಹಾಕಿದಾಗ, ಗುಲಾಬಿ ಬಂದು ಮೂರರ ಬಣ್ಣದಲ್ಲಿ ನಿಂತಿತು. ಖಾಜಾಸಾಬ ಮಗನನ್ನು ಅಂಗಡಿಯಿಂದ ಕರೆಸಿ ತೋರಿಸಿದ. ಜುಲ್ಫಿಕರ ಬಗ್ಗಿ ನೋಡಿ, "ಎರಡೂ ಮುಕ್ಕಾಲು" ಎಂದ. "ಮೂರು" ಎಂದ ತಂದೆ. ಆ ಜಗಳ ಸಂಜೆಯ ಚಹಾದವರೆಗೂ ನಡೆಯಿತು.

ಜೂನ್ ಎರಡನೇ ವಾರ ಎಲ್ಲರೂ ವಿಜಯಪುರಕ್ಕೆ ಹೋದರು. ಡಾಕ್ಟರ್ ಬಾನುಬಿಯನ್ನು ನಡೆಸಿ ನೋಡಿದರು, ಕೂರಿಸಿ ಎಬ್ಬಿಸಿ ನೋಡಿದರು. ಈಗ ಆಪರೇಷನ್ ಬೇಡ, ನೀರು ಬಿಡಬೇಡಿ, ಆರು ತಿಂಗಳಿಗೆ ಬನ್ನಿ ಎಂದರು. ಬಾನುಬಿ ಅವರಿಗೆ ದುವಾ ಮಾಡಿ, ಜೊತೆಗೆ ಸಿದ್ದಲಿಂಗವ್ವನ ಎಣ್ಣೆಯ ಒಂದು ಸೀಸೆ ಕೊಟ್ಟು ಬಂದಳು.

ಅಂದು ಸಂಜೆ ಮುಬೀನಾ ಚಾಪೆ ಹಾಸಿ ಎಲ್ಲರಿಗೂ ತಾಟಿಟ್ಟಳು. ಅತ್ತೆಗೆ ಕುರ್ಚಿ ಎಳೆಯಲು ಹೋದಾಗ ಬಾನುಬಿ ಕೈ ಅಡ್ಡ ಹಿಡಿದಳು. ಗೋಡೆಗೆ ಒಂದು ಕೈ, ನಿಷತಳ ಹೆಗಲಿಗೆ ಒಂದು ಕೈ ಕೊಟ್ಟು, ಉಸಿರು ಬಿಗಿಹಿಡಿದು, ನಿಧಾನವಾಗಿ ಚಾಪೆಯ ಮೇಲೆ ಕುಳಿತಳು. ಕಾಲು ಮಡಚಲು ಸ್ವಲ್ಪ ಹೊತ್ತಾಯಿತು. ಯಾರೂ ರೊಟ್ಟಿ ಮುರಿಯಲಿಲ್ಲ.

"ಅಮ್ಮಾ, ಏಳೂದು ಹೆಂಗ?" ಎಂದ ಜುಲ್ಫಿಕರ.

"ಈಗ ಕೂತೇನಿ. ಏಳೂದು ಆಮ್ಯಾಲ ನೋಡೂಣು. ಪಲ್ಲೆ ಹಾಕು."

ಖಾಜಾಸಾಬನೂ ಹೆಂಡತಿಯ ಪಕ್ಕದಲ್ಲಿ ಕೂರಲು ಬಗ್ಗಿದ. ಅರ್ಧಕ್ಕೆ ಬಗ್ಗಿದಾಗ ಟಕ್ ಎಂದು ಜೋರಾಗಿ ಸಪ್ಪಳವಾಯಿತು. ಎಲ್ಲರೂ ತಲೆ ಎತ್ತಿದರು.

"ಏನದು?" ಎಂದಳು ನಿಷತ.

"ಮ್ಯಾಲ ಹಂಚು ಸರದಿರಬೇಕು" ಎಂದ ಖಾಜಾಸಾಬ, ಹಲ್ಲು ಕಚ್ಚಿಕೊಂಡು.

"ನಮ್ಮನಿಗೆ ಹಂಚಿಲ್ಲ, ಸ್ಲ್ಯಾಬ್ ಐತಿ" ಎಂದಳು ಬಾನುಬಿ, ಅವನ ತಾಟಿಗೆ ರೊಟ್ಟಿ ಹಾಕುತ್ತ. "ನಾಳಿ ಒಂಬತ್ತೂವರಿಗೆ ನಾವು ಮ್ಯಾಲ ಬಂದಕೂಡ್ಲೆ ನೀವು ಇಳೀರಿ."